ಯಾರ ಕಟ್ಟಿ ಮ್ಯಾಲ ಕುಂತು ಬರದ್ರಿ?

ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯಲ್ಲಿ ಪೋಷಕರ ಜೊತೆ ಮಾತಾಡಲು ಹೋಗಿದ್ದೆ. ಗೋವಿನಜೋಳ ಒಕ್ಕುವ ಕಾಲ. ಬಂದವರೇ ಕಡಿಮೆ, ಬಂದವರಲ್ಲೂ ಅರ್ಧ ಜನ ಬಾಗಿಲ ಕಡೆ ಒಂದು ಕಣ್ಣಿಟ್ಟು ಕೂತವರು. ಮಕ್ಕಳಿಗೆ ಮೊಬೈಲ್ ಎಷ್ಟು ತಾಸು ಕೊಡಬೇಕು, ಕಣ್ಣಿಗೇನಾಗುತ್ತದೆ ಎಂದೆಲ್ಲ ಕೇಳುತ್ತಾರೆ ಅಂದುಕೊಂಡಿದ್ದೆ. ಹಿಂದೆ ಕೂತಿದ್ದ ಒಬ್ಬ ತಾಯಿ ಎದ್ದು ಕೇಳಿದ್ದೇ ಬೇರೆ.

“ಅಕ್ಕಾರ, ನಮ್ಮ ಹುಡುಗ ಒಂಬತ್ತನೇ ಇಯತ್ತೆ ಅದಾನ್ರಿ. ಅವ್ರಪ್ಪ ಪೇಪರ್ ಓದಾಕ ಹತ್ತಿದ್ರ ‘ಅದೆಲ್ಲಾ ರೊಕ್ಕಾ ತಗೊಂಡು ಬರಿಯೂದು’ ಅಂತಾನ. ಟೀವಿ ಹಚ್ಚಿದ್ರ ‘ಅದೆಲ್ಲಾ ಸುಳ್ಳು’ ಅಂತಾನ. ತಾ ಮಾತ್ರ ಮೊಬೈಲ್‌ನ್ಯಾಗ ಯಾವನೋ ಒಬ್ಬಾಂವ ಒದರಿದ್ದನ್ನ ಖರೇ ಅಂತ ನಂಬ್ತಾನ. ಇಂಥಾವಗ ಏನ್ ಹೇಳೂದ್ರಿ?”

ಉಳಿದವರು ನಕ್ಕರು. ತಂತಮ್ಮ ಮನೆಯ ಮಾತು ಕೇಳಿದಂತೆ ನಕ್ಕರು.

ಆ ಹುಡುಗನಿಗೆ ಅರ್ಧ ವಿದ್ಯೆ ಬಂದಿದೆ. ಸುದ್ದಿಯ ಹಿಂದೆ ಯಾರದೋ ಕೈ ಇರುತ್ತದೆ ಎಂದು ತಿಳಿದಿದೆ. ಆದರೆ ಆ ಕೈ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದಿಲ್ಲ. ಹಾಗಾಗಿ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಕಟ್ಟಿಬಿಟ್ಟಿದ್ದಾನೆ. ಎಲ್ಲ ನಂಬುವವನಿಗೂ ಏನೂ ನಂಬದವನಿಗೂ ಒಂದು ಅನುಕೂಲ ಇದೆ: ಇಬ್ಬರೂ ಓದುವ ಕಷ್ಟ ತೆಗೆದುಕೊಳ್ಳಬೇಕಾಗಿಲ್ಲ. ‘ಮಾಧ್ಯಮದವರನ್ನು ನಂಬಬೇಡ’ ಎಂದು ಹುಡುಗನಿಗೆ ಇನ್ನೊಮ್ಮೆ ಹೇಳಿದರೆ ಅವನ ಚೀಲಕ್ಕೆ ಇನ್ನೊಂದು ಗಂಟು ಬೀಳುತ್ತದೆ, ಅಷ್ಟೆ.

ಕೈ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನನ್ನ ಕೈಯಿಂದಲೇ ಶುರು ಮಾಡುತ್ತೇನೆ. ಸುದ್ದಿ ಓದುವುದನ್ನು ಮಕ್ಕಳಿಗೆ ಕಲಿಸುವ ಈ ಕೆಲಸಕ್ಕೆ ಬರುವ ಮೊದಲು ನಾನು ಹಲವು ವರ್ಷ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದವಳು. ವರದಿಗಾರರು ಕಳಿಸಿದ್ದನ್ನು ತಿದ್ದಿ, ಕತ್ತರಿಸಿ, ತಲೆಬರಹ ಕೊಡುವವರು ಡೆಸ್ಕಿನವರು. ಸುದ್ದಿ ಬರೆದವರೇ ತಲೆಬರಹವನ್ನೂ ಬರೆಯುತ್ತಾರೆ ಎಂದು ಬಹಳ ಓದುಗರು ತಿಳಿದಿದ್ದಾರೆ; ಸಾಮಾನ್ಯವಾಗಿ ಹಾಗಿರುವುದಿಲ್ಲ. ಪುಟ ಅಚ್ಚಿಗೆ ಹೋಗಲು ಇಪ್ಪತ್ತು ನಿಮಿಷ ಇರುವಾಗ, ನಾಲ್ಕು ಕಾಲಮ್ಮಿನಲ್ಲಿ ಕೂಡುವಷ್ಟೇ ಅಕ್ಷರ ಹುಡುಕುವ ಕೆಲಸ ಅದು. 2019ರ ಡಿಸೆಂಬರಿನಲ್ಲಿ ಉಳ್ಳಾಗಡ್ಡಿ ಕಿಲೋಗೆ ನೂರು ರೂಪಾಯಿ ದಾಟಿತಲ್ಲ, ಆಗ ನಾನೂ ಎಲ್ಲರಂತೆ ‘ಈರುಳ್ಳಿ: ಗೃಹಿಣಿಯರ ಕಣ್ಣಲ್ಲಿ ನೀರು’ ಎಂಬ ಧಾಟಿಯ ತಲೆಬರಹ ಕೊಟ್ಟು ಮನೆಗೆ ಹೋದೆ. ಮರುದಿನ ನವಲಗುಂದದ ಕಡೆಯ ಒಬ್ಬ ರೈತರ ಫೋನು.

“ಅವ್ವಾರ, ನೀವು ಯಾರ ಕಟ್ಟಿ ಮ್ಯಾಲ ಕುಂತು ಬರದ್ರಿ ಇದನ್ನ? ಹ್ವಾದ ವರ್ಷ ದರ ಇಲ್ದ ಹೊಲದಾಗ ಕೊಳೆಯಾಕ ಬಿಟ್ಟಾಗ ನಮ್ಮ ಕಣ್ಣಾಗ ನೀರು ಬಂದಿದ್ದು ನಿಮಗ ಕಾಣ್ಲಿಲ್ಲೇನು?”

ಅವರು ಸಿಟ್ಟಿನಿಂದ ಕೇಳಿರಲಿಲ್ಲ, ನಿಜವಾಗಿ ತಿಳಿಯಬೇಕೆಂದು ಕೇಳಿದ್ದರು. ನಾನು ಬರೆದದ್ದರಲ್ಲಿ ಸುಳ್ಳಿರಲಿಲ್ಲ. ದರ ನೂರು ದಾಟಿದ್ದು ನಿಜ, ಕೊಳ್ಳುವವರಿಗೆ ಕಷ್ಟವಾಗಿದ್ದೂ ನಿಜ. ಆದರೆ ನಾನು ಪೇಟೆಯವಳು, ಸಂಜೆ ಕಾಯಿಪಲ್ಲೆ ಕೊಂಡು ಮನೆಗೆ ಹೋಗುವವಳು. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಕೊಳ್ಳುವವರ ಕಟ್ಟೆ. ಬೆಳೆದವರಲ್ಲೂ ಎಲ್ಲರೂ ಒಂದೇ ಅಲ್ಲ: ಆ ವರ್ಷ ಅತಿಮಳೆಗೆ ಬೆಳೆ ಕೊಳೆತವರಿಗೆ ಮಾರಲು ಮಾಲೇ ಇರಲಿಲ್ಲ, ಉಳಿದವರಿಗೆ ಮಾತ್ರ ದರ ಸಿಕ್ಕಿತು. ಒಂದೇ ಉಳ್ಳಾಗಡ್ಡಿಗೆ ಮೂರು ಕಟ್ಟೆ. ಯಾರ ದುಡ್ಡೂ ನನ್ನ ಕೈಗೆ ಬಂದಿರಲಿಲ್ಲ, ಯಾರ ಒತ್ತಡವೂ ಇರಲಿಲ್ಲ, ಆದರೂ ತಕ್ಕಡಿ ವಾಲಿತ್ತು. ಪಕ್ಷಪಾತ ಎಂದರೆ ಲಂಚ ಎಂದೇ ಮಕ್ಕಳು ತಿಳಿಯುತ್ತಾರೆ. ಲಂಚವೂ ಇದೆ, ದುಡ್ಡು ಪಡೆದು ಜಾಹೀರಾತನ್ನೇ ಸುದ್ದಿಯಂತೆ ಹಾಕುವ ‘ಪೇಯ್ಡ್ ನ್ಯೂಸ್’ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯೇ 2010ರಲ್ಲಿ ವರದಿ ಕೊಟ್ಟಿದೆ. ಆದರೆ ದಿನಬೆಳಗಾದರೆ ನಾವು ಓದುವ ವಾಲು ಹೆಚ್ಚಾಗಿ ನನ್ನ ಉಳ್ಳಾಗಡ್ಡಿಯ ಥರದ್ದು. ಅದು ಹುಟ್ಟುವುದು ಬರೆಯುವವರು ಕೂತ ಜಾಗದಿಂದ.

ಆ ರೈತರ ಪ್ರಶ್ನೆಯನ್ನೇ ನಾನು ಎಲ್ಲ ಊರಿಗೂ ಹೊತ್ತುಕೊಂಡು ಹೋಗುತ್ತೇನೆ. ಐದನೇ ಇಯತ್ತೆಯ ಮಗುವಿಗೂ ಅದು ತಿಳಿಯುತ್ತದೆ. ಮನೆಯಲ್ಲಿ ಅಣ್ಣ ತಮ್ಮ ಜಗಳಾಡಿ ಇಬ್ಬರೂ ಅವ್ವನ ಹತ್ತಿರ ಓಡಿ ಬರುತ್ತಾರಲ್ಲ, ಇಬ್ಬರ ವರದಿಯೂ ಹೇಗೆ ಬೇರೆ ಬೇರೆ ಕಡೆಯಿಂದ ಶುರುವಾಗುತ್ತದೆ ನೋಡಿ. “ಇಂವ ನನಗ ಹೊಡದಾ” ಎನ್ನುವವನ ಕಥೆ ಹೊಡೆತದಿಂದ ಶುರು. “ನನ್ನ ಪೆನ್ನು ಕಸಗೊಂಡಾ” ಎನ್ನುವವನದು ಪೆನ್ನಿನಿಂದ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಹೀಗೆ ಶುರುವಾಗುವ ಜಾಗ ಬದಲಾದರೆ ಸುದ್ದಿಯೇ ಬದಲಾಗುವುದನ್ನು ನಮ್ಮ ಧಾರವಾಡ ಜಿಲ್ಲೆ ಕಣ್ಣಾರೆ ಕಂಡಿದೆ. 2016ರ ಜುಲೈ ಕೊನೆಯಲ್ಲಿ ಮಹದಾಯಿ ಹೊಳೆಯ ನೀರು ಹಂಚುವ ನ್ಯಾಯಮಂಡಳಿ 7.56 ಟಿಎಂಸಿ ನೀರಿಗಾಗಿ ಕರ್ನಾಟಕ ಸಲ್ಲಿಸಿದ್ದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿತು. ನವಲಗುಂದದಲ್ಲಿ ಸರ್ಕಾರಿ ಕಚೇರಿಗಳ ಮೇಲೆ ಸಿಟ್ಟು ತಿರುಗಿತು. ಆ ದಿನದ ಸುದ್ದಿ ಓದಿದವರಿಗೆ ಕಂಡದ್ದು ಬೆಂಕಿ, ಕಲ್ಲು. ಬಳಿಕ ಅಲ್ಲೇ ಹತ್ತಿರದ ಯಮನೂರಿನಲ್ಲಿ ಪೊಲೀಸರು ಹೆಂಗಸರು, ವಯಸ್ಸಾದವರು ಎನ್ನದೆ ಹೊಡೆದ ದೃಶ್ಯಗಳು ಹೊರಬಂದವು. ಮೊದಲ ದಿನ ಪತ್ರಿಕೆ ಓದಿ ಬಿಟ್ಟವನ ತಲೆಯಲ್ಲಿ ಒಂದು ನವಲಗುಂದ ಉಳಿಯಿತು, ಆಮೇಲೆ ಟೀವಿ ಹಚ್ಚಿದವನ ತಲೆಯಲ್ಲಿ ಇನ್ನೊಂದು. ಎರಡೂ ನಡೆದದ್ದೇ.

ಮಹದಾಯಿಯ ಮಾತು ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲಬೇಕು. ಮಕ್ಕಳಿಗೆ ಭಿನ್ನ ದೃಷ್ಟಿ ಕಲಿಸಲು ದೂರದ ದೇಶದ ಉದಾಹರಣೆ ಕೊಡುವುದು ಸುಲಭ. ಅಲ್ಲಿ ನಮ್ಮದೇನೂ ಪಣಕ್ಕಿರುವುದಿಲ್ಲ. ಈ ನೀರು ಹಾಗಲ್ಲ. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಮಲಪ್ರಭೆಯ ರೈತರ ಮೇಲೆ ಗೋಲಿಬಾರ್ ಆಯಿತು. ಆ ದಿನವನ್ನು ಇಂದಿಗೂ ರೈತ ಹುತಾತ್ಮ ದಿನವೆಂದು ಆಚರಿಸುತ್ತೇವೆ. ಮಹದಾಯಿಯ ನೀರನ್ನು ಆ ಮಲಪ್ರಭೆಗೆ ತರುವ ಕಳಸಾ–ಬಂಡೂರಿ ಯೋಜನೆಗಾಗಿ 2015ರಿಂದ ವರ್ಷಗಟ್ಟಲೆ ಧರಣಿ ಕೂತವರು ನಮ್ಮ ಸಂಬಂಧಿಕರು. ಹಾಗಾಗಿಯೇ ಇದು ಒಳ್ಳೆಯ ಪಾಠ.

ಮೊದಲು ಹೆಸರನ್ನೇ ನೋಡಿ. ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಹೊಳೆ ನಮಗೆ ಮಹದಾಯಿ. ಗೋವೆಗೆ ಇಳಿದರೆ ಮ್ಹಾದೆಯ್, ಪಣಜಿಯ ಹತ್ತಿರ ಸಮುದ್ರ ಸೇರುವಾಗ ಮಾಂಡೋವಿ. ನಮ್ಮ ಪತ್ರಿಕೆಗಳಲ್ಲಿ ಯೋಜನೆಯ ಹೆಸರಿನ ಹಿಂದೆ ‘ಕುಡಿಯುವ ನೀರು’ ಎಂದು ಬರುತ್ತದೆ, ‘ವ್ಯರ್ಥವಾಗಿ ಸಮುದ್ರ ಸೇರುವ ನೀರು’ ಎಂದೂ ಬರುತ್ತದೆ. ಗೋವೆಯ ಪತ್ರಿಕೆಗಳಲ್ಲಿ ಅದೇ ಯೋಜನೆ ‘ನದಿ ತಿರುವು’. ಸಮುದ್ರ ಸೇರುವ ಸಿಹಿನೀರು ಅವರಿಗೆ ವ್ಯರ್ಥವಲ್ಲ. ಅದು ಕಡಿಮೆಯಾದರೆ ಹೊಳೆಯೊಳಕ್ಕೆ ಉಪ್ಪುನೀರು ಏರುತ್ತದೆ, ಕಾಡು ಒಣಗುತ್ತದೆ ಎಂಬುದು ಅವರ ಅಂಜಿಕೆ. ‘ವ್ಯರ್ಥ’ ಎಂಬ ಒಂದೇ ಪದ ಯಾವ ದಂಡೆಯ ಮೇಲೆ ನಿಂತು ಹೇಳಿದ್ದು ಎಂದು ಮಕ್ಕಳನ್ನು ಕೇಳಿ. ಹೈಸ್ಕೂಲಿನವರು ಥಟ್ಟನೆ ಹಿಡಿಯುತ್ತಾರೆ.

ಇನ್ನು ಅಂಕಿ. ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ತೀರ್ಪು ಕೊಟ್ಟಿತು. ಕರ್ನಾಟಕಕ್ಕೆ 13.42 ಟಿಎಂಸಿ, ಗೋವೆಗೆ 24, ಮಹಾರಾಷ್ಟ್ರಕ್ಕೆ 1.33. ಕರ್ನಾಟಕ ಕೇಳಿದ್ದು 36.55. ಸಿಕ್ಕ 13.42ರಲ್ಲಿ 8.02 ವಿದ್ಯುತ್ ಉತ್ಪಾದನೆಗೆ, 1.5 ಮಹದಾಯಿ ಕೊಳ್ಳದೊಳಗಿನ ಬಳಕೆಗೆ, ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿಎಂಸಿ ಮಲಪ್ರಭೆಗೆ. ಒಂದು ಹಾಳೆಯ ಮೇಲೆ ಇಷ್ಟನ್ನೇ ಬರೆದು ನಾನು ಬಮ್ಮಿಗಟ್ಟಿಯವರಿಗೆ ಕೊಟ್ಟೆ. ‘ಇದಕ್ಕೆ ತಲೆಬರಹ ಬರೀರಿ, ಸುಳ್ಳು ಬರೀಬಾರ್ದು’ ಅಂದೆ. ಬಂದವು ಇವು: ‘ರಾಜ್ಯಕ್ಕೆ 13.42 ಟಿಎಂಸಿ ನೀರು’. ‘ಕೇಳಿದ್ದು 36, ಸಿಕ್ಕಿದ್ದು 13’. ‘ಮಲಪ್ರಭೆಗೆ ಬರೂದು 4 ಟಿಎಂಸಿನೂ ಇಲ್ಲ’. ‘ಗೋವಾಕ್ಕ ನಮಗಿಂತ ಹತ್ತಿರ ಹತ್ತಿರ ಎರಡು ಪಟ್ಟು’. ಮೊದಲನೆಯದು ಗೆಲುವಿನ ಸುದ್ದಿ, ಎರಡನೆಯದು ಸೋಲಿನದು, ಮೂರನೆಯದು ಮೋಸ ಹೋದವರದು, ನಾಲ್ಕನೆಯದು ಅನ್ಯಾಯದ್ದು. ನಾಲ್ಕರಲ್ಲೂ ಒಂದಂಕಿ ತಪ್ಪಿಲ್ಲ. ತೀರ್ಪಿನ ಬಗ್ಗೆ ಮೂರೂ ರಾಜ್ಯಗಳು ತಕರಾರು ತೆಗೆದು ಸುಪ್ರೀಂ ಕೋರ್ಟಿಗೆ ಹೋದವು ಎಂದು ಹೇಳಿದಾಗ ಒಬ್ಬರು, “ಅಂದ್ರ ಅವ್ರೂ ತಾವು ಸೋತೇವಿ ಅಂತಾರೇನ್ರಿ?” ಎಂದರು. ಅರ್ಧ ತಾಸಿನ ನನ್ನ ಭಾಷಣಕ್ಕಿಂತ ಆ ಪ್ರಶ್ನೆ ದೊಡ್ಡದು.

ಇಷ್ಟು ಹೇಳಿದರೆ ನೀರಿನ ಹೋರಾಟ ಬಿಟ್ಟುಬಿಡಿ ಎಂದಂತಾಯಿತೇ? ಖಂಡಿತ ಇಲ್ಲ. ಎದುರಿನವರ ಮಾತು ತಿಳಿದುಕೊಂಡ ಮೇಲೂ ನನ್ನ ಮನೆಗೆ ನೀರು ಬೇಕು ಎಂದೇ ನಾನು ಹೇಳುತ್ತೇನೆ. ವಕೀಲರು ಎದುರು ಪಕ್ಷದ ಕಾಗದಪತ್ರ ಓದದೆ ಕೋರ್ಟಿಗೆ ಹೋಗುವುದಿಲ್ಲವಲ್ಲ. ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಇಲ್ಲದಿದ್ದರೆ ಇನ್ನೊಬ್ಬರ ಕಡೆಯಿಂದ ನೋಡುವುದೆಂದರೆ ತಮ್ಮ ಕಡೆ ಬಿಟ್ಟುಕೊಡುವುದು ಎಂದು ಅಂಜುತ್ತಾರೆ.

ಗೋವೆಯವರಾದರೆ ಬೇರೆ ರಾಜ್ಯ, ಬೇರೆ ಭಾಷೆ, ‘ಅವ್ರು ಹಂಗ’ ಎಂದು ತಳ್ಳಿಹಾಕಬಹುದು. ಕಲಘಟಗಿಯವರ ಮನೆ ಮುಂದೆಯೇ ಇನ್ನೊಂದು ಹೊಳೆ ಇದೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟಿದ ಶಾಲ್ಮಲೆ ಬಂದು ಸೇರುವ ಬೇಡ್ತಿ. ಉತ್ತರ ಕನ್ನಡಕ್ಕೆ ಇಳಿದು ಅದೇ ಗಂಗಾವಳಿಯಾಗುತ್ತದೆ. ಆ ಬೇಡ್ತಿಯ ನೀರನ್ನು ವರದಾ ನದಿಗೆ ಜೋಡಿಸುವ ಯೋಜನೆಯ ಸುದ್ದಿಯನ್ನು ಹಾವೇರಿ ಕಡೆಯವರು ಓದುವ ರೀತಿ ಬೇರೆ, ಶಿರಸಿ–ಯಲ್ಲಾಪುರದವರು ಓದುವ ರೀತಿ ಬೇರೆ. ಒಂದು ಕಡೆ ಕುಡಿಯುವ ನೀರು, ಬರಗಾಲ. ಇನ್ನೊಂದು ಕಡೆ ಘಟ್ಟ, ಕಣಿವೆ, ತೋಟ. ಎರಡೂ ಕಡೆ ಮಾತಾಡುವುದು ಕನ್ನಡವೇ. ಕನ್ನಡ ಪತ್ರಿಕೆಗಳ ಜಿಲ್ಲಾ ಪುಟ ಜಿಲ್ಲೆಗೊಂದು. ಕಲಘಟಗಿಯಲ್ಲಿ ನೀವು ಓದುವ ಪುಟ ಶಿರಸಿಯವರ ಮನೆಗೆ ಹೋಗುವುದೇ ಇಲ್ಲ, ಅವರದು ನಿಮ್ಮ ಮನೆಗೆ ಬರುವುದಿಲ್ಲ. ನೆಂಟರು ಶಿರಸಿಯಲ್ಲಿದ್ದರೆ ಒಂದು ದಿನದ ಪುಟದ ಫೋಟೋ ತರಿಸಿ ಮಕ್ಕಳಿಗೆ ತೋರಿಸಿ. ಅಚ್ಚಾಗಿದ್ದರಲ್ಲಿ ಏನಿದೆ ಎನ್ನುವುದಕ್ಕಿಂತ ನಿಮ್ಮ ಪುಟದಲ್ಲಿ ಏನಿಲ್ಲ ಎನ್ನುವುದು ಆಗ ಕಾಣುತ್ತದೆ.

ಒಂದು ಎಚ್ಚರಿಕೆ. ಎಲ್ಲದಕ್ಕೂ ಎರಡು ಮಗ್ಗುಲು ಇರುತ್ತವೆ ಎಂದು ಮಕ್ಕಳು ಇದರಿಂದ ಕಲಿತುಬಿಟ್ಟರೆ ನಾವು ಕಲಿಸಿದ್ದು ಕೆಟ್ಟಿತು. ನೀರು ಯಾರಿಗೆ ಎಷ್ಟು ಸೇರಬೇಕು ಎಂಬುದಕ್ಕೆ ಹಲವು ಮಗ್ಗುಲು. 5ಜಿ ಟವರಿನಿಂದ ಕೊರೋನಾ ಬಂತು ಎಂಬುದಕ್ಕೆ ಒಂದೇ: ಅದು ಸುಳ್ಳು. ‘ಅವರವರ ಅಭಿಪ್ರಾಯ’ ಎಂದು ಅಲ್ಲಿ ಸುಮ್ಮನಿರಬಾರದು.

ಸುಳ್ಳಿಗೆ ಬಂದರೆ, ಪತ್ರಿಕೆಗಿಂತ ನನಗೆ ಹೆದರಿಕೆ ಇರುವುದು ಮೊಬೈಲಿನ ಬಗ್ಗೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಎಂಬ ಊರಿನಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಅವನೂ ಗೆಳೆಯರೂ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಅದಕ್ಕಿಂತ ಮೊದಲೇ ತಿಂಗಳುಗಟ್ಟಲೆ ದೇಶದ ತುಂಬ ಒಂದು ವಿಡಿಯೋ ಓಡಾಡುತ್ತಿತ್ತು: ಬೈಕಿನಲ್ಲಿ ಬಂದ ಇಬ್ಬರು ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಮೂಲದಲ್ಲಿ ಕೊನೆಗೆ ಆ ಇಬ್ಬರೂ ಮಗುವನ್ನು ತಿರುಗಿ ತಂದು ಬಿಟ್ಟು, ಎಚ್ಚರಿಕೆಯ ಫಲಕ ಎತ್ತಿ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ತೆಗೆದಿದ್ದರು. ಏನನ್ನೂ ಹೊಸದಾಗಿ ಸೇರಿಸಬೇಕಾಗಲಿಲ್ಲ. ಕೆಲವು ಸೆಕೆಂಡು ತೆಗೆದದ್ದೇ ಸಾಕಾಯಿತು.

ಆ ಜುಲೈನಲ್ಲೇ ವಾಟ್ಸಾಪ್‌ನವರು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸಲಾಗದಂತೆ ಮಾಡಿದರು. ಬಹಳ ಕೈ ದಾಟಿ ಬಂದ ಸಂದೇಶದ ಮೇಲೆ ಎರಡು ಬಾಣದ ಗುರುತು ಬೀಳುತ್ತದೆ, 2020ರಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದು. ಎರಡು ಬಾಣ ಇದ್ದರೆ ಸುಳ್ಳು ಎಂದರ್ಥವಲ್ಲ. ನಿಮಗೆ ಕಳಿಸಿದ ಕಾಕಾ ಅದನ್ನು ಬರೆದವರಲ್ಲ, ಅವರಿಗೂ ಬರೆದವರು ಯಾರು ಎಂದು ಗೊತ್ತಿಲ್ಲ ಎಂದರ್ಥ. ಕಟ್ಟೆಯೇ ಇಲ್ಲದ ಸುದ್ದಿ ಅದು. ಪತ್ರಿಕೆ ತಪ್ಪು ಮಾಡಿದರೆ ಬೈಯಲು ಒಂದು ವಿಳಾಸ ಇರುತ್ತದೆ, ಆ ರೈತರು ನನಗೆ ಫೋನು ಮಾಡಿದಂತೆ.

ಹಾಗಾದರೆ ಪತ್ತೆ ಹಚ್ಚುವುದು ಹೇಗೆ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಪ್ಪತ್ತೈದು ವಿದ್ಯಾರ್ಥಿಗಳು, ಹತ್ತು ಮಂದಿ ಇತಿಹಾಸಕಾರರು, ಹತ್ತು ಮಂದಿ ಸುದ್ದಿಯ ಸತ್ಯಾಸತ್ಯ ನೋಡುವುದನ್ನೇ ಕಸುಬು ಮಾಡಿಕೊಂಡವರು. ಒಂದು ಜಾಲತಾಣ ನಂಬಬಹುದೇ ಎಂದು ಎಲ್ಲರನ್ನೂ ಕೇಳಿದರು. ವಿದ್ಯಾರ್ಥಿಗಳೂ, ಅಷ್ಟು ಓದಿದ ಇತಿಹಾಸಕಾರರಲ್ಲೂ ಹಲವರು ಅದೇ ಪುಟದ ಒಳಗೆ ಕೂತು ಮೇಲೆ ಕೆಳಗೆ ಓದಿದರು, ಚಂದದ ವಿನ್ಯಾಸಕ್ಕೆ, ದೊಡ್ಡ ಹೆಸರಿಗೆ ಮರುಳಾದರು. ಕಸುಬಿನವರು ಪುಟವನ್ನು ಸರಿಯಾಗಿ ಓದಲೇ ಇಲ್ಲ. ಕೂಡಲೇ ಹೊರಬಿದ್ದು, ಇವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ಹುಡುಕಿದರು. ಬೇಗ ಮುಗಿಸಿದವರೂ ಅವರೇ, ಸರಿ ಹೇಳಿದವರೂ ಅವರೇ.

ಬಮ್ಮಿಗಟ್ಟಿಯಲ್ಲಿ ಇದನ್ನು ಹೇಳಿದಾಗ ಯಾರಿಗೂ ಹೊಸದೆನಿಸಲಿಲ್ಲ. ಹೆಣ್ಣು ಕೊಡುವಾಗ ಹುಡುಗನ ಮನೆಯಲ್ಲೇ ಕೂತು “ನಿಮ್ಮ ಹುಡುಗ ಹೆಂಗದಾನ್ರಿ” ಎಂದು ಯಾರೂ ಕೇಳುವುದಿಲ್ಲ. ಅವಲಕ್ಕಿ ತಿಂದು, ಚಹಾ ಕುಡಿದು, ಹೊರಬಂದು ಓಣಿಯ ಕಿರಾಣಿ ಅಂಗಡಿಯಲ್ಲಿ ಕೇಳುತ್ತಾರೆ. ಮಕ್ಕಳಿಗೂ ಇಷ್ಟೇ ಹೇಳಿದರೆ ಆಯಿತು: ಮೊಬೈಲಿನಲ್ಲಿ ಒದರುವ ಆ ಯೂಟ್ಯೂಬಿನವನನ್ನೇ ಇನ್ನೂ ಹತ್ತು ನಿಮಿಷ ನೋಡಿದರೆ ಅವನು ಖರೇ ಹೌದೋ ಅಲ್ಲವೋ ತಿಳಿಯುವುದಿಲ್ಲ, ಓಣಿಗೆ ಹೋಗಿ ಕೇಳು. ಇನ್ನೂ ಒಂದು ಮಾತು: ಅವನ ವಿಡಿಯೋ ಒಂದು ನೋಡಿದರೆ ಅಂಥವೇ ಇನ್ನಷ್ಟು ಮುಂದೆ ಬಂದು ನಿಲ್ಲುತ್ತವೆ. ಹುಡುಗನಿಗೆ ಅದು ಊರೆಲ್ಲ ಹಿಂಗೇ ಹೇಳುತ್ತಿದೆ ಎಂಬಂತೆ ಕಾಣುತ್ತದೆ. ಅಲ್ಲ, ಅವನ ಮೊಬೈಲಿನ ಓಣಿಯಲ್ಲಿ ಅವರ ಮನೆಗಳೇ ಸಾಲಾಗಿವೆ.

ಇದಕ್ಕೆಲ್ಲ ಮನೆಯಲ್ಲಿ ನಾಲ್ಕು ಪತ್ರಿಕೆ ತರಿಸಬೇಕಾಗಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಬಿಟ್ಟಿ. ವಾರಕ್ಕೊಮ್ಮೆ ಮಗುವಿನ ಜೊತೆ ಹೋಗಿ, ಒಂದೇ ಸುದ್ದಿಯನ್ನು ಎರಡು ಪತ್ರಿಕೆಯಲ್ಲಿ ಹುಡುಕಿ. ಯಾವುದು ಮುಖಪುಟದಲ್ಲಿದೆ, ಯಾವುದು ಒಳಗೆ ಮೂಲೆಯಲ್ಲಿದೆ, ಯಾರ ಮಾತನ್ನು ಹಾಕಿದ್ದಾರೆ, ಯಾರನ್ನು ಕೇಳಿಯೇ ಇಲ್ಲ. ಚಿತ್ರದಲ್ಲಿರುವವರು ಯಾರು, ಮಂತ್ರಿಯೋ ಹೊಲದವನೋ. ಕಾಲು ತಾಸು ಸಾಕು. ಪರೀಕ್ಷೆಯಂತೆ ಕೇಳಬೇಡಿ. ತಪ್ಪು ಹೇಳಿದರೆ ತಿದ್ದುವ ಅವಸರವೂ ಬೇಡ, “ನನಗ ಹಿಂಗ ಕಂಡಿತ್ತು ನೋಡು” ಎಂದರೆ ಸಾಕು. ಕೇರಳದ ಕಣ್ಣೂರಿನಲ್ಲಿ 2018ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಸುಳ್ಳು ಸುದ್ದಿ ಗುರುತಿಸುವ ತರಗತಿ ನಡೆಸಿದರು. ನಮ್ಮಲ್ಲೂ ಶಾಲೆಗಳು ಮಾಡಲಿ. ಆದರೆ ನನ್ನ ಅನುಭವದಲ್ಲಿ ಮಗು ಇದನ್ನು ಕಲಿಯುವುದು ತರಗತಿಗಿಂತ ಹೆಚ್ಚಾಗಿ ಅಪ್ಪ ಅವ್ವ ಸುದ್ದಿ ಓದುವಾಗ ಏನು ಗೊಣಗುತ್ತಾರೆ ಎಂಬುದರಿಂದ.

ಕೊನೆಗೆ ಕಷ್ಟದ ಭಾಗ. ‘ಯಾರ ಕಟ್ಟಿ ಮ್ಯಾಲ ಕುಂತು ಬರದ್ರಿ’ ಎಂಬ ಪ್ರಶ್ನೆಯನ್ನು ನಮಗೆ ಸಿಟ್ಟು ಬರಿಸುವ ಸುದ್ದಿಗೆ ಕೇಳುವುದು ಸುಲಭ, ಎಲ್ಲರೂ ಕೇಳುತ್ತಾರೆ. ನಮ್ಮ ಪಕ್ಷದ, ನಮ್ಮ ಮಠದ, ನಮ್ಮ ಜಾತಿಯ, ನಮ್ಮ ಊರಿನ ಪರವಾಗಿ ಬಂದ ಸುದ್ದಿ ಓದಿ “ಭಾಳ ಚಲೋ ಬರದಾರ” ಎಂದಾಗ ಕೇಳಬೇಕು. ಮಗು ಎದುರಿಗೆ ಇದ್ದಾಗಲೇ ಕೇಳಬೇಕು. ನೀವು ಮುಂದೆ ಕಳಿಸಿದ್ದು ಸುಳ್ಳೆಂದು ತಿಳಿದರೆ ಸದ್ದಿಲ್ಲದೆ ಅಳಿಸಿ ಬಿಡಬೇಡಿ. ಅದೇ ಗ್ರೂಪಿನಲ್ಲಿ ‘ನಾ ಮುಂಜಾನೆ ಕಳಿಸಿದ್ದು ಸುಳ್ಳ ಐತಿ, ಯಾರೂ ಮುಂದ ಕಳಿಸಬ್ಯಾಡ್ರಿ’ ಎಂದು ಬರೆಯಿರಿ. ಒಂದು ಸಾಲು. ಬರೆಯುವಾಗ ಮುಖ ಸ್ವಲ್ಪ ಕೆಂಪಾಗುತ್ತದೆ.

ಇಷ್ಟು ಹೇಳಿ ಮುಗಿಸಿದೆ. ಬಾಗಿಲ ಹತ್ತಿರ ಕೂತಿದ್ದ ಒಬ್ಬರು, ಬಹುಶಃ ಆ ಒಂಬತ್ತನೇ ಇಯತ್ತೆಯವನ ಅಪ್ಪ, ಕೇಳಿದರು: “ಇದನ್ನೆಲ್ಲಾ ಕಲಸಿದ್ರ ನಾಳೆ ನಮ್ಮನ್ನ ಪ್ರಶ್ನೆ ಮಾಡಂಗಿಲ್ಲೇನ್ರಿ ಅಕ್ಕಾರ?”

“ಮಾಡ್ತಾನ್ರಿ,” ಅಂದೆ. “ಮೊದಲನೇ ವಾರದಾಗ ಮಾಡ್ತಾನ.”

ಅವರು ಅಂಗಿಯ ಕಿಸೆಯಿಂದ ಮೊಬೈಲ್ ತೆಗೆದು, ಬೆಳಿಗ್ಗೆ ತಾವೇ ಎಲ್ಲರಿಗೂ ಕಳಿಸಿದ್ದ ಸಂದೇಶವೊಂದನ್ನು ಪಕ್ಕದವರಿಗೆ ತೋರಿಸಿದರು. ಇಬ್ಬರೂ ಬಗ್ಗಿ ನೋಡುತ್ತಿದ್ದರು, ಬಾಣ ಒಂದಿದೆಯೋ ಎರಡಿದೆಯೋ ಎಂದು.